ಹೋಂಸ್ಟೇ ಫೋಟೊದಲ್ಲಿ ಮೆಟ್ಟಿಲು ಅಳಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ಮಳೆ ಶುರುವಾಯಿತು ಅಂದರೆ ಪತ್ರಿಕೆಗಳ ಜಾಹೀರಾತು ಪುಟದಲ್ಲಿ ಹೋಂಸ್ಟೇಗಳ ಫೋಟೊ ಜಾಸ್ತಿಯಾಗುತ್ತವೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಮಡಿಕೇರಿ, ಎಲ್ಲ ಕಡೆಯವೂ ಇರುತ್ತವೆ. ಒಂದಕ್ಕಿಂತ ಒಂದು ಹಸಿರು, ಒಂದಕ್ಕಿಂತ ಒಂದು ನೀಲಿ ಆಕಾಶ. ಅವನ್ನು ನೋಡಿದಾಗ ನನಗೆ ಖುಷಿಗಿಂತ ಸಂಕಟವೇ ಹೆಚ್ಚು, ಯಾಕೆಂದರೆ ಆ ಹಸಿರು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ನಾನು ಸಕಲೇಶಪುರದ ಕಡೆ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೊ ಜೊತೆಗೆ ಹನ್ನೆರಡು ವರ್ಷದಿಂದ ಹೋಂಸ್ಟೇಗಳ ಫೋಟೊ ತೆಗೆದುಕೊಡುವುದೂ ನನ್ನ ಹೊಟ್ಟೆಪಾಡು.

ಈ ಪತ್ರ ಬರೆಯಲು ಕಾರಣವಾದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಒಂದು ಹೋಂಸ್ಟೇಯವರು ಕರೆದರು. ಇಳಿಜಾರಿನಲ್ಲಿ ಕಟ್ಟಿದ ಮನೆ. ಗಾಡಿ ನಿಲ್ಲಿಸುವ ಜಾಗದಿಂದ ಮನೆಯ ಜಗುಲಿಗೆ 38 ಮೆಟ್ಟಿಲು ಇಳಿಯಬೇಕು. ಮನೆ ಚೆನ್ನಾಗಿತ್ತು, ಹಂಚಿನ ಮಾಡು, ಮುಂದೆ ಕಾಫಿ ತೋಟ, ಅದರಾಚೆ ಕಣಿವೆ. ಫೋಟೊ ತೋರಿಸಿದಾಗ ಮಾಲೀಕರು, 'ಆ ಮೆಟ್ಟಿಲು ಕಂಡರೆ ಜನ ಹೆದರ್ತಾರೆ, ಅದನ್ನು ತೆಗೆದು ಹುಲ್ಲು ಹಾಕಿ' ಅಂದರು. ನಾನು ಹಾಕಿದೆ. ಅರ್ಧ ಗಂಟೆಯ ಕೆಲಸ. ಮೆಟ್ಟಿಲು, ಪಕ್ಕದ ಕಬ್ಬಿಣದ ಪೈಪು, ಎರಡೂ ಹೋದವು, ಅಲ್ಲಿ ಹಾಸು ಹಾಸಿದ ಹಾಗೆ ಹುಲ್ಲು ಬಂತು. ತುಂಬಾ ನೀಟಾಗಿ ಬಂದಿದೆ ಅಂತ ನಾನೇ ಹೆಮ್ಮೆಪಟ್ಟಿದ್ದೆ.

ಎರಡು ತಿಂಗಳು ಕಳೆದ ಮೇಲೆ ಬಾಕಿ ದುಡ್ಡು ಇಸಿದುಕೊಳ್ಳಲು ಒಂದು ಸಂಜೆ ಅಲ್ಲಿಗೆ ಹೋಗಿದ್ದೆ. ದಾವಣಗೆರೆ ಕಡೆಯ ಒಂದು ಕುಟುಂಬ ಆಗಷ್ಟೇ ಬಂದು ಇಳಿದಿತ್ತು. ಜೊತೆಗೆ ವಯಸ್ಸಾದ ಅಜ್ಜಿ, ಮಂಡಿ ಆಪರೇಷನ್ ಆಗಿ ಇನ್ನೂ ಕೋಲು ಹಿಡಿದು ನಡೆಯುತ್ತಿದ್ದವರು. ಜಿಟಿಜಿಟಿ ಮಳೆ, ಮೆಟ್ಟಿಲ ಮೇಲೆ ಪಾಚಿ. ಕೊನೆಗೆ ಮಗನೂ ಡ್ರೈವರೂ ಸೇರಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದರು. ನಾನು ಛತ್ರಿ ಹಿಡಿದೆ. ಅಜ್ಜಿ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, 'ಫೋಟೊದಾಗೆ ಮೆಟ್ಲು ಇರ್ಲಿಲ್ವಲ್ಲಪ್ಪ' ಅಂದರು. ಬೈಯಲಿಲ್ಲ, ಸುಮ್ನೆ ಅಂದರು. ಅದು ನಾನು ತೆಗೆದ ಫೋಟೊ ಅಂತ ಅವರಿಗೆ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಆವತ್ತಿನಿಂದ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಫೋಟೊ ತೆಗೆಯುವ ಮುಂಚೆ ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಡಬಹುದಾದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರೆ ತಪ್ಪಿಲ್ಲ. ಅಂಗಳದಲ್ಲಿ ಬಿದ್ದ ಬಕೆಟ್ಟು, ತಂತಿಯ ಮೇಲೆ ಒಣಹಾಕಿದ ಟವೆಲ್, ನೀರಿನ ಪೈಪು, ಒಣಗಿದ ಎಲೆ. ಅವು ಇವತ್ತು ಇರುತ್ತವೆ, ನಾಳೆ ಇರುವುದಿಲ್ಲ. ಆದರೆ ಕೈಯಲ್ಲಿ ಎತ್ತಲಾಗದ್ದನ್ನು ಅಳಿಸಬಾರದು. ಮೆಟ್ಟಿಲು, ಕರೆಂಟು ಕಂಬ, ಮೊಬೈಲ್ ಟವರು, ಪಕ್ಕದ ಮನೆಯ ತಗಡಿನ ಶೀಟು, ಎದುರಿನ ಕಲ್ಲು ಕ್ವಾರಿ, ಗೋಡೆಗೆ ಹಿಡಿದ ತೇವದ ಕಲೆ. ಅತಿಥಿ ಬಂದು ಕಾರಿನಿಂದ ಇಳಿದಾಗ ಅವು ಅಲ್ಲೇ ಇರುತ್ತವೆ ಅಲ್ವಾ?

ಎಡಿಟಿಂಗೇ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರಿಗೆ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲ ಅಷ್ಟೇ. ನಮ್ಮ ಮಲೆನಾಡಿನ ಹಳೆಯ ಮನೆಗಳ ಒಳಗೆ ಕತ್ತಲು ಜಾಸ್ತಿ. ಕಿಟಕಿ ಚಿಕ್ಕದು, ಮರ ಕಪ್ಪು, ಮಾಡು ತಗ್ಗು. ಹಗಲು ಹೊತ್ತಿನಲ್ಲಿ ಕೋಣೆಯ ಫೋಟೊ ತೆಗೆದರೆ ಒಂದೋ ಕೋಣೆ ಕಪ್ಪಾಗುತ್ತದೆ, ಇಲ್ಲಾ ಕಿಟಕಿ ಬಿಳಿ ಹಾಳೆಯ ಹಾಗೆ ಸುಟ್ಟುಹೋಗುತ್ತದೆ. ಆದರೆ ಆ ಕೋಣೆಯಲ್ಲಿ ನಿಂತವರ ಕಣ್ಣಿಗೆ ಮಂಚವೂ ಕಾಣುತ್ತದೆ, ಕಿಟಕಿಯಾಚೆಯ ತೋಟವೂ ಕಾಣುತ್ತದೆ. ಹಾಗಾಗಿ ನಾವು ಸ್ಟ್ಯಾಂಡ್ ಹಾಕಿ ಒಂದು ಫೋಟೊ ಒಳಗಿನ ಬೆಳಕಿಗೆ, ಒಂದು ಹೊರಗಿನ ಬೆಳಕಿಗೆ ತೆಗೆದು ಎರಡನ್ನೂ ಸೇರಿಸುತ್ತೇವೆ. ಇದು ಮೋಸ ಅಲ್ಲ, ಕಣ್ಣು ಕಂಡದ್ದನ್ನು ಕ್ಯಾಮೆರಾದಲ್ಲಿ ತರುವ ಕೆಲಸ. ಬಲ್ಬಿನ ಬೆಳಕು ಫೋಟೊದಲ್ಲಿ ಅರಿಸಿನ ಬಳಿದ ಹಾಗೆ ಬರುತ್ತದೆ, ಬಿಳಿ ಗೋಡೆ ಬಿಳಿಯಾಗಿ ಕಾಣುವಷ್ಟು ಬಣ್ಣ ಸರಿಮಾಡುವುದೂ ನ್ಯಾಯವೇ. ಕ್ಯಾಮೆರಾ ಮೇಲಕ್ಕೆ ಎತ್ತಿ ಹಿಡಿದರೆ ಕಂಬಗಳು ಒಳಕ್ಕೆ ವಾಲಿದ ಹಾಗೆ ಬರುತ್ತವೆ, ಅವನ್ನು ನೇರ ಮಾಡಬೇಕು, ಯಾಕೆಂದರೆ ಮನೆ ವಾಲಿಲ್ಲ. ಕ್ಯಾಮೆರಾದ ಒಳಗೆ, ಬೆಳಕು ಬೀಳುವ ಸೆನ್ಸರಿನ ಮೇಲೆ ಕೂತ ಧೂಳು ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಬಿದ್ದಿದ್ದರೆ ಅದನ್ನೂ ತೆಗೆಯಬೇಕು. ಇಷ್ಟೆಲ್ಲ ಮಾಡದೆ ಹಾಗೇ ಕೊಟ್ಟರೆ ಮಾಲೀಕರಿಗೆ ಅನ್ಯಾಯ ಆಗುತ್ತದೆ, ಇರುವುದಕ್ಕಿಂತ ಕೆಟ್ಟದಾಗಿ ತೋರಿಸಿದ ಹಾಗಾಗುತ್ತದೆ. ಅದೂ ಸುಳ್ಳೇ.

ತೊಂದರೆ ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ.

ವೈಡ್ ಲೆನ್ಸಿನ, ಅಂದರೆ ಅಗಲವಾಗಿ ಹೆಚ್ಚು ಜಾಗ ಹಿಡಿಯುವ ಲೆನ್ಸಿನ ವಿಷಯ ತಗೊಳ್ಳಿ. ಫೋನಿನಲ್ಲಿ 0.5 ಅಂತ ಒತ್ತುತ್ತೀರಲ್ಲ, ಅದು ಸಾಮಾನ್ಯವಾಗಿ 13 ಮಿಲಿಮೀಟರ್ ಲೆನ್ಸಿಗೆ ಸಮ. ಫೋನಿನ ಮಾಮೂಲು ಕ್ಯಾಮೆರಾ 24ರಿಂದ 26ರ ಆಸುಪಾಸು. ಸಂಖ್ಯೆ ಕಮ್ಮಿಯಾದಷ್ಟೂ ನೋಟ ಅಗಲ. 13ರಲ್ಲಿ ಮೂಲೆಯಲ್ಲಿ ನಿಂತು ತೆಗೆದರೆ 10ಕ್ಕೆ 12 ಅಡಿಯ ಕೋಣೆ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ಎದುರಿನ ಗೋಡೆ ದೂರ ಹೋಗುತ್ತದೆ, ಅಂಚಿನಲ್ಲಿರುವ ಮಂಚ ಉದ್ದವಾಗಿ ಎಳೆದುಕೊಳ್ಳುತ್ತದೆ. ಇಲ್ಲಿ ಯಾರೂ ಏನನ್ನೂ ಅಳಿಸಿಲ್ಲ, ಸೇರಿಸಿಲ್ಲ, ಆದರೂ ನಾಲ್ಕು ಜನ ಹಾಸಿಗೆ ಹಾಸಿ ಮಲಗಬಹುದು ಅಂದುಕೊಂಡು ಬಂದವರು ಇಬ್ಬರೇ ಮಲಗಬಹುದಾದ ಕೋಣೆ ನೋಡುತ್ತಾರೆ. ಚಿಕ್ಕ ಕೋಣೆಗೆ ಸ್ವಲ್ಪ ವೈಡ್ ಬೇಕೇ ಬೇಕು, ಇಲ್ಲದಿದ್ದರೆ ಗೋಡೆ ಬಿಟ್ಟು ಬೇರೇನೂ ಬರುವುದಿಲ್ಲ. ಅದಕ್ಕೆ ನಾನು ಈಗ ಟೇಪು ಹಿಡಿದು ಅಳತೆ ತಗೊಂಡು ಫೋಟೊದ ಕೆಳಗೇ ಬರೆಯಿರಿ ಅಂತ ಮಾಲೀಕರಿಗೆ ಹೇಳುತ್ತೇನೆ. 'ಕೋಣೆ 10 ಅಡಿ, 12 ಅಡಿ.' ಒಂದೇ ಸಾಲು, ಅಷ್ಟೇ. ಈಜುಕೊಳದ್ದೂ ಇದೇ ಕತೆ. ನೀರಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟು ತೆಗೆದರೆ ಮಕ್ಕಳು ಆಡುವ ತೊಟ್ಟಿಯೂ ಕೆರೆಯ ಹಾಗೆ ಕಾಣುತ್ತದೆ.

ಇನ್ನು ಹಸಿರು. ಕಾಫಿ ಗಿಡದ ಎಲೆ ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಕಡು ಹಸಿರು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಜಾಹೀರಾತಿನಲ್ಲಿ ಅದು ಗಿಳಿ ಹಸಿರಾಗಿರುತ್ತದೆ. ಬೇಸಿಗೆಯಲ್ಲಿ, ಹೂ ಮಳೆ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ) ಬರುವ ಮುಂಚೆ, ಎಲೆ ಬಾಡಿ ಜೋತುಬಿದ್ದಿರುತ್ತದೆ, ದಾರಿ ಬದಿಯ ಗಿಡಗಳ ಮೇಲೆ ಕೆಮ್ಮಣ್ಣಿನ ಧೂಳು ಕೂತಿರುತ್ತದೆ. ಬೆಟ್ಟದ ಮೇಲಿನ ಹುಲ್ಲು ಬೇಸಿಗೆ ಹೊತ್ತಿಗೆ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೂ ಒಂದು ಚೆಲುವಿದೆ, ನನಗಂತೂ ಆ ಬಣ್ಣ ತುಂಬಾ ಇಷ್ಟ. ಹೂ ಮಳೆ ಬಿದ್ದು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯ ಹಾಗೆ ಘಮಘಮಿಸುತ್ತದಲ್ಲ, ಅದನ್ನು ತೋರಿಸಿ ಮಾರ್ಚ್, ಏಪ್ರಿಲ್‌ಗೆ ಜನರನ್ನು ಕರೆಯಬಹುದು. ಅದನ್ನು ಬಿಟ್ಟು ಏಪ್ರಿಲ್‌ನ ಗದ್ದೆಯ ಕೂಳೆಗೆ ಆಗಸ್ಟ್‌ನ ಹಸಿರು ಬಳಿಯುವುದು ಯಾಕೆ?

ಎಡಿಟ್ ಮಾಡದೆಯೂ ಫೋಟೊ ಸುಳ್ಳು ಹೇಳುತ್ತದೆ, ಅದನ್ನೂ ಹೇಳಬೇಕು. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದ ಸಾಲಿನಲ್ಲಿ ನೀಲಿ ಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು ಅದು. ಆಗ ತೆಗೆದ ನೀಲಿ ಬೆಟ್ಟದ ಫೋಟೊ ಹಾಕಿ, ತಾರೀಕು ಬರೆಯದೆ, 'ನಮ್ಮಲ್ಲಿಗೆ ಬನ್ನಿ' ಅಂತ ಕರೆದರೆ ಮುಂದಿನ ಸಲ ಹೂ ಬಿಡುವ ತನಕ ಬಂದವರಿಗೆಲ್ಲ ನಿರಾಸೆಯೇ. ಜೋಗ 253 ಮೀಟರ್ ಎತ್ತರದಿಂದ ಧುಮುಕುವುದು ನಿಜ, ಆದರೆ ಆಗಸ್ಟ್‌ನ ಜೋಗವೇ ಬೇರೆ, ಏಪ್ರಿಲ್‌ನ ಜೋಗವೇ ಬೇರೆ. ಮತ್ತೆ ಫೋಟೊಗೆ ಶಬ್ದ ಇಲ್ಲ. ನಮ್ಮ ಊರಿನ ಮೇಲೇ ರಾಷ್ಟ್ರೀಯ ಹೆದ್ದಾರಿ 75 ಹೋಗುತ್ತದೆ, ಬೆಂಗಳೂರು–ಮಂಗಳೂರು ಲಾರಿಗಳು ಶಿರಾಡಿ ಘಾಟಿಗೆ ಇಳಿಯುವ ದಾರಿ. ಹೆದ್ದಾರಿಗೆ ಬೆನ್ನು ಹಾಕಿ ನಿಂತು ಮಂಜಿನ ತೋಟ ತೆಗೆದರೆ ಎಂಥಾ ಏಕಾಂತ ಅನ್ನಿಸುತ್ತದೆ. ರಾತ್ರಿ ಎರಡು ಗಂಟೆಗೆ ಲಾರಿ ಹಾರ್ನ್ ಕೇಳಿದಾಗಲೇ ಗೊತ್ತಾಗುವುದು. 'ಹೆದ್ದಾರಿಯಿಂದ 60 ಮೀಟರ್' ಅಂತ ಬರೆದರೆ ಏನು ಕಳೆದುಹೋಗುತ್ತದೆ? ದಾರಿ ಮಧ್ಯೆ ಒಂದು ರಾತ್ರಿ ತಂಗಬೇಕಾದವರು ಅದನ್ನೇ ಹುಡುಕಿಕೊಂಡು ಬರುತ್ತಾರೆ.

ಮೊದಲೆಲ್ಲ ಇಂಥ ಕೆಲಸಕ್ಕೆ ನನ್ನಂಥವನು ಬೇಕಿತ್ತು, ಕೂತು ಗಂಟೆಗಟ್ಟಲೆ ಮಾಡಬೇಕಿತ್ತು. ಈಗ ಬೇಡ. ಫೋಟೊಶಾಪ್‌ನಲ್ಲಿ 2020ರಲ್ಲಿ ಆಕಾಶ ಬದಲಿಸುವ ಬಟನ್ನೇ ಬಂತು. 2021ರಲ್ಲಿ ಗೂಗಲ್ ಪಿಕ್ಸೆಲ್ ಫೋನಿನಲ್ಲಿ ಬೆರಳಿನಿಂದ ಗೀಚಿದರೆ ವಸ್ತು ಮಾಯವಾಗುವ ಸೌಲಭ್ಯ ಬಂತು, ಈಗ ಎಷ್ಟೋ ಫೋನುಗಳಲ್ಲಿ ಅದಿದೆ. 2023ರಿಂದ 'ಇಲ್ಲಿ ಒಂದು ಈಜುಕೊಳ' ಅಂತ ಟೈಪ್ ಮಾಡಿದರೆ ಈಜುಕೊಳವೇ ಬಂದು ಕೂರುತ್ತದೆ, ನೆರಳು ಸಮೇತ, ನೀರಿನಲ್ಲಿ ಮರದ ಬಿಂಬ ಸಮೇತ. ಹೋದ ವರ್ಷ ಒಬ್ಬರು ನನ್ನನ್ನು ಕೇಳಿಯೂ ಬಿಟ್ಟರು, 'ಕೊಳ ಮುಂದಿನ ವರ್ಷ ಕಟ್ಟಿಸ್ತೀವಿ, ಈಗಲೇ ಫೋಟೊದಲ್ಲಿ ಹಾಕಿಬಿಡಿ' ಅಂತ. ಆಗಲ್ಲ ಅಂದೆ. ಬೇರೆ ಯಾರ ಹತ್ತಿರವೋ ಮಾಡಿಸಿಕೊಂಡರು ಅಂತ ಆಮೇಲೆ ಗೊತ್ತಾಯಿತು.

ಮಾಲೀಕರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಪಕ್ಕದ ತೋಟದವರ ಫೋಟೊ ಸ್ವರ್ಗದ ಹಾಗಿದ್ದರೆ, ಇದ್ದದ್ದನ್ನು ಇದ್ದ ಹಾಗೆ ಹಾಕಿದವರ ಕಡೆ ಜನ ತಿರುಗಿಯೂ ನೋಡುವುದಿಲ್ಲ. ಕಾಫಿ ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಎಷ್ಟೋ ಸಣ್ಣ ಬೆಳೆಗಾರರ ಮನೆ ನಡೆದದ್ದೇ ಎರಡು ಕೋಣೆ ಅತಿಥಿಗಳಿಗೆ ಕೊಟ್ಟದ್ದರಿಂದ. ಅಂಥವರಿಗೆ ನೀತಿ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾನು ಹೇಳುವುದು, ಒಬ್ಬೊಬ್ಬರೇ ಬದಲಾಗುವುದು ಕಷ್ಟ, ಅದಕ್ಕೇ ಎಲ್ಲರಿಗೂ ಒಂದೇ ಕಟ್ಟಳೆ ಇರಲಿ ಅಂತ.

ಇನ್ನೊಂದು ಮಾತು ನನಗೆ ಪದೇಪದೇ ಕೇಳಿಬರುತ್ತದೆ. 'ಮದುವೆ ಆಲ್ಬಮ್ಮಿನಲ್ಲಿ ಮೊಡವೆ ತೆಗೆಯಲ್ವಾ, ಇದೂ ಹಾಗೇ.' ಹಾಗಲ್ಲ. ಮದುವೆ ಆಲ್ಬಮ್ ಆ ಮನೆಯವರದ್ದು, ಆ ಮುಖ ಅವರದ್ದು, ಅದನ್ನು ನೋಡಿ ಯಾರೂ ಮುಂಗಡ ಕೊಡುವುದಿಲ್ಲ. ಹೋಲಿಸುವುದಾದರೆ ಹೆಣ್ಣು ತೋರಿಸಲು ಕಳಿಸುವ ಫೋಟೊಗೆ ಹೋಲಿಸಿ. ಅದರಲ್ಲಿ ಹುಡುಗಿಯ ಬಣ್ಣ ಬೆಳ್ಳಗೆ ಮಾಡಿಕೊಡಿ ಅಂತ ಕೇಳುವವರು ಬೇಕಾದಷ್ಟು ಜನ ಇದ್ದರು, ನಮ್ಮ ಸ್ಟುಡಿಯೋದವರೇ ಮಾಡಿಯೂ ಕೊಟ್ಟಿದ್ದಾರೆ. ಆ ಹುಡುಗಿಯರು ಆಮೇಲೆ ಎದುರಿಗೆ ಬಂದು ಕೂತಾಗ ಪಟ್ಟ ಅವಮಾನಕ್ಕೆ ಫೋಟೊ ತಿದ್ದಿದವನ ಪಾಲೂ ಇದೆ. ಇದ್ದ ಬಣ್ಣವೇ ಚೆನ್ನಾಗಿತ್ತು.

ಪತ್ರಿಕೆಯವರಿಗೆ ಇದು ಹೊಸ ವಿಷಯ ಅಲ್ಲ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಗೀಜಾದ ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಹತ್ತಿರ ಹತ್ತಿರ ಸರಿಸಿತ್ತು, ಅಡ್ಡ ಫೋಟೊ ಉದ್ದ ಪುಟದಲ್ಲಿ ಕೂರಲಿ ಅಂತ. ಅದರ ಬಗ್ಗೆ ಇವತ್ತಿಗೂ ಫೋಟೊಗ್ರಾಫರುಗಳು ಮಾತಾಡುತ್ತಾರೆ. ಸುದ್ದಿ ಫೋಟೊದಲ್ಲಿ ಬೆಳಕು, ಬಣ್ಣ ಹದ ಮಾಡಬಹುದು, ಏನನ್ನೂ ಸೇರಿಸುವ ಹಾಗಿಲ್ಲ, ತೆಗೆಯುವ ಹಾಗಿಲ್ಲ ಅಂತ ದೊಡ್ಡ ಸುದ್ದಿ ಸಂಸ್ಥೆಗಳಲ್ಲಿ ನಿಯಮವಿದೆ. ಅದೇ ಪತ್ರಿಕೆಯ ಜಾಹೀರಾತು ಪುಟಕ್ಕೆ ಬಂದಾಗ ಮಾತ್ರ ಯಾವ ನಿಯಮವೂ ಯಾಕೆ ಬೇಡ? ಓದುಗರು ದುಡ್ಡು ಕಳೆದುಕೊಳ್ಳುವುದು ಆ ಪುಟ ನೋಡಿಯೇ.

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತು ಅಂದರೇನು ಅಂತ ಬರೆದಿದೆ. ಸುಳ್ಳು ವಿವರ ಕೊಡುವುದಷ್ಟೇ ಅಲ್ಲ, ಮುಖ್ಯ ವಿಷಯವನ್ನು ಬೇಕಂತಲೇ ಮುಚ್ಚಿಡುವುದೂ ಅದರಲ್ಲಿ ಸೇರಿದೆ. ನಾನು ಅಳಿಸಿದ ಮೆಟ್ಟಿಲು ಅದೇ ಅಲ್ವಾ? ಈ ಕಾಯ್ದೆಯ ಕೆಳಗೆ 2020ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಶುರುವಾಯಿತು. ಮೊದಲ ಸಲಕ್ಕೆ 10 ಲಕ್ಷ ರೂಪಾಯಿ ತನಕ ದಂಡ ಹಾಕುವ ಅಧಿಕಾರ ಅದಕ್ಕಿದೆ. 2022ರ ಜೂನ್‌ನಲ್ಲಿ ಜಾಹೀರಾತುಗಳಿಗೆ ಮಾರ್ಗಸೂಚಿಯೂ ಬಂತು. ಆದರೆ ಎರಡು ರಾತ್ರಿ ತಂಗಲು ಬಂದ ಬೆಂಗಳೂರಿನವರು ದೂರು ಕೊಡಲು ಹಾಸನಕ್ಕೋ ಮಡಿಕೇರಿಗೋ ಅಲೆಯಬೇಕಲ್ಲ ಅಂತ ಸುಮ್ಮನಾಗುತ್ತಾರೆ. ಅಲೆಯಬೇಕಾಗಿಲ್ಲ. ಈಗಿನ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಒಂದು ಕೆಲಸ ಮಾತ್ರ ಮರೆಯಬೇಡಿ, ಬುಕ್ ಮಾಡುವ ದಿನವೇ ಜಾಹೀರಾತಿನ ಫೋಟೊಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಜಗಳ ಆದ ರಾತ್ರಿಯೇ ಫೋಟೊ ಬದಲಾದದ್ದನ್ನು ನಾನು ಕಂಡಿದ್ದೇನೆ.

ಆದರೆ ನನಗೆ ಎಲ್ಲರೂ ಕೋರ್ಟಿಗೆ ಹೋಗಲಿ ಅಂತ ಆಸೆ ಇಲ್ಲ. ಪ್ರವಾಸೋದ್ಯಮ ಇಲಾಖೆಯವರು ನೋಂದಣಿಗೆ ಮನೆ ನೋಡಲು ಬರುತ್ತಾರಲ್ಲ, ಆಗಲೇ ಫೋನಿನಲ್ಲಿ ಆರು ಫೋಟೊ ತೆಗೆಯಲಿ. ಗೇಟು, ಗಾಡಿ ನಿಲ್ಲುವ ಜಾಗ, ಅಲ್ಲಿಂದ ಬಾಗಿಲ ತನಕದ ದಾರಿ, ಮಲಗುವ ಕೋಣೆ, ಬಚ್ಚಲು, ಜಗುಲಿಯಿಂದ ಕಾಣುವ ನೋಟ. ತಾರೀಕು ಸಮೇತ ಅವನ್ನು ನೋಂದಣಿ ಸಂಖ್ಯೆಯ ಜೊತೆ ಎಲ್ಲರೂ ನೋಡುವ ಹಾಗೆ ಇಡಲಿ. ಎಡಿಟಿಂಗ್ ಬೇಡ, ವೈಡ್ ಬೇಡ. ಮಾಲೀಕರು ತಮ್ಮ ಜಾಹೀರಾತಿಗೆ ಚೆಂದದ ಫೋಟೊ ಹಾಕಿಕೊಳ್ಳಲಿ, ಬೇಕಾದವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಳ್ಳುತ್ತಾರೆ. ಇದಕ್ಕೆ ದೊಡ್ಡ ಖರ್ಚಿಲ್ಲ. ನಿಮ್ಮ ಪತ್ರಿಕೆಯೂ ಒಂದು ಕೆಲಸ ಮಾಡಬಹುದು. ತಂಗುವ ಜಾಗದ ಜಾಹೀರಾತು ತಗೊಳ್ಳುವಾಗ ಫೋಟೊದ ಕೆಳಗೆ ಅದನ್ನು ತೆಗೆದ ತಿಂಗಳು, ವರ್ಷ ಹಾಕಿ ಅಂತ ಕೇಳಿ. ಕೊಡುವುದಿಲ್ಲ ಅಂದವರ ಫೋಟೊ ಹಾಕಬೇಡಿ, ಬರಹ ಮಾತ್ರ ಹಾಕಿ.

ನನ್ನ ಗಿರಾಕಿಗಳಲ್ಲಿ ಒಬ್ಬರು ಹೀಗೆ ಮಾಡಿ ನೋಡಿದ್ದಾರೆ. ಅಂಗಳದ ನಡುವೆಯೇ ಕರೆಂಟು ಕಂಬ ಇರುವ ಮನೆ ಅವರದ್ದು. ಮೊದಲ ಫೋಟೊದಲ್ಲೇ ಕಂಬ ಕಾಣುವ ಹಾಗೆ ತೆಗೆಸಿದರು. ಕೆಳಗೆ, 'ಗೇಟಿನಿಂದ ಮನೆಗೆ 12 ಮೆಟ್ಟಿಲು, ಮಳೆಗಾಲದಲ್ಲಿ ಉಂಬಳ (ಜಿಗಣೆ) ಇರುತ್ತದೆ, ಫೋನ್ ಸಿಗ್ನಲ್ ಜಗುಲಿಯಲ್ಲಿ ಮಾತ್ರ' ಅಂತ ಬರೆಸಿದರು. ಫೋನ್ ಬರುವುದು ಮೊದಲಿಗಿಂತ ಕಮ್ಮಿಯಾಯಿತು ಅಂತಲೇ ಹೇಳಿದರು, ಸುಳ್ಳು ಹೇಳುವುದಿಲ್ಲ. ಆದರೆ ಬಂದವರು ಯಾರೂ ರಾತ್ರಿ ಹತ್ತು ಗಂಟೆಗೆ ದುಡ್ಡು ವಾಪಸ್ ಕೊಡಿ ಅಂತ ನಿಲ್ಲಲಿಲ್ಲ. ಉಂಬಳಕ್ಕೆ ಅಂತ ಸುಣ್ಣ, ಹೊಗೆಸೊಪ್ಪು ಅವರೇ ತಂದುಕೊಂಡಿದ್ದರಂತೆ.

ಮೆಟ್ಟಿಲು ಅಳಿಸಿದ ಆ ಮನೆಯ ಮಾಲೀಕರಿಗೆ ಹೋದ ತಿಂಗಳು ಫೋನ್ ಮಾಡಿದೆ. ದುಡ್ಡು ಬೇಡ, ಹೊಸದಾಗಿ ಫೋಟೊ ತೆಗೆದುಕೊಡುತ್ತೇನೆ, ಹಳೆಯದನ್ನು ಎಲ್ಲ ಕಡೆಯಿಂದ ತೆಗೆದುಬಿಡಿ ಅಂದೆ. ಮೊದಲು ಬೇಡ ಅಂದರು, ಆಮೇಲೆ ಅವರ ಮನೆಯವರು ಫೋನ್ ಇಸಿದುಕೊಂಡು ಬನ್ನಿ ಅಂದರು. ಬರುವ ಗುರುವಾರ ಹೋಗುತ್ತಿದ್ದೇನೆ. ಮಳೆ ಇದ್ದರೆ ಮಳೆಯಲ್ಲೇ ತೆಗೆಯುತ್ತೇನೆ, 38 ಮೆಟ್ಟಿಲೂ ಕಾಣುವ ಹಾಗೆ, ಮೇಲಿನಿಂದ.

ಇತಿ,
ಒಬ್ಬ ಸ್ಟುಡಿಯೋ ಫೋಟೊಗ್ರಾಫರ್
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ